ಎರಡು ಕ್ಯಾಸೆಟ್, ಒಂದು ತೊದಲು ದನಿ

ಕೊಲ್ಲಿ ದೇಶದ ಮೆಸಯೀದ್‌ನ ಕಾರ್ಖಾನೆಯೊಂದರಲ್ಲಿ ತಾರಾನಾಥರ ಕೆಲಸ ಒತ್ತಡ ಅಳೆಯುವ ಮಾಪಕಗಳನ್ನು ಪರೀಕ್ಷಿಸುವುದು. ಒಂದು ಮಾಪಕ ಸರಿಯಿದೆಯೋ ಇಲ್ಲವೋ ಎಂಬುದು ಅದನ್ನೇ ಎಷ್ಟು ದಿಟ್ಟಿಸಿದರೂ ತಿಳಿಯುವುದಿಲ್ಲ. ಸರಿ ಎಂದು ಮೊದಲೇ ಖಚಿತವಾದ ಇನ್ನೊಂದನ್ನು ಪಕ್ಕದಲ್ಲಿ ಜೋಡಿಸಿ, ಎರಡರ ಮುಳ್ಳುಗಳನ್ನೂ ಒಟ್ಟಿಗೆ ನೋಡಬೇಕು. ಬೆಳ್ಮಣ್ಣಿನಿಂದ ಬಂದ ಈ ಮನುಷ್ಯ ಮೂರು ದಶಕಗಳಿಂದ ಕಾರ್ಖಾನೆಯಲ್ಲಿ ಮಾಪಕಗಳಿಗೆ ಮಾಡಿದ್ದನ್ನೇ ರಜೆಯ ದಿನ ಮನೆಯಲ್ಲಿ ಕ್ಯಾಸೆಟ್‌ಗಳಿಗೆ ಮಾಡುತ್ತ ಬಂದಿದ್ದಾರೆ.

ಕಂಪನಿ ಕೊಟ್ಟ ಮನೆಯಲ್ಲಿ ಅತಿಥಿಗಳಿಗೆಂದು ಇದ್ದ ಕೋಣೆ ಈಗ ಕ್ಯಾಸೆಟ್‌ಗಳದ್ದು. ಹೆಚ್ಚಿನವು ಊರಿನ ತಾಳಮದ್ದಲೆಗಳು. ಕೊಲ್ಲಿಗೆ ಬಂದ ಕ್ಯಾಸೆಟ್‌ಗಳು ಬಹುಮಟ್ಟಿಗೆ ಪ್ರತಿಯ ಪ್ರತಿಗಳು. ಕೆಲಸಗಾರರ ಒಂದು ಕ್ಯಾಂಪಿನಿಂದ ಇನ್ನೊಂದು ಕ್ಯಾಂಪಿಗೆ ಸಾಗುತ್ತ, ಪ್ರತಿ ಸಲ ನಕಲಾಗುತ್ತ, ದನಿ ತೆಳುವಾಗಿ ಮರಳುಗಾಳಿಯಂಥ ಸದ್ದು ಮಾತ್ರ ದಪ್ಪವಾದಂಥವು. ಒಂದೇ ಪ್ರಸಂಗದ ಎರಡು ಪ್ರತಿ ಸಿಕ್ಕರೆ ತಾರಾನಾಥರು ಎರಡು ಡೆಕ್‌ಗಳಲ್ಲಿ ಅವನ್ನು ಹಾಕುತ್ತಾರೆ, ಹೆಡ್‌ಗಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸುತ್ತಾರೆ, ಚಕ್ರತಾಳದ ಕೊನೆಯ ಝೇಂಕಾರ ಯಾವುದರಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಕಣ್ಣು ಮುಚ್ಚಿ ಕೇಳುತ್ತಾರೆ. ಝೇಂಕಾರ ಉಳಿದದ್ದು ಮೂಲಕ್ಕೆ ಹತ್ತಿರ. ಬೇಗ ಸತ್ತದ್ದು ದೂರ.

“ಅರ್ಥಧಾರಿ ಅಷ್ಟು ಗಂಟಲು ಹರ್ಕೊಂಡು ಮಾತಾಡ್ತಾರೆ, ಅದನ್ನು ನೀವು ಒಂದು ದಿನ ಕೇಳಿದ್ದುಂಟಾ?” ಎಂದು ಅವರ ಪತ್ನಿ ಲೀಲಾಕ್ಷಿ ಕಿಚಾಯಿಸುವುದುಂಟು. “ಅವರ ಹಿಂದಿನ ಸರ್ ಸರ್ ಮಾತ್ರ ಕೇಳುವುದು.”

ಆ ಕೋಣೆಯಲ್ಲಿ ಹೋಲಿಕೆಯೇ ಬೇಡದ ಕ್ಯಾಸೆಟ್ ಒಂದಿತ್ತು. ಲೀಲಾಕ್ಷಿ ಇನ್ನೂ ಊರಲ್ಲಿದ್ದು, ತಾರಾನಾಥರು ಕ್ಯಾಂಪಿನ ಕೋಣೆಯಲ್ಲಿದ್ದ ಕಾಲದ್ದು. ಆಗ ಕ್ಯಾಂಪಿನವರ ಮನೆಗಳಿಂದ ಕಾಗದದ ಜೊತೆ ಕ್ಯಾಸೆಟ್ ಬರುತ್ತಿತ್ತು. ಬಂದ ಕ್ಯಾಸೆಟ್‌ನ ಬೆನ್ನಿನ ಸಂದುಗಳು ತೆರೆದಿದ್ದರೆ ಅದರ ಮೇಲೆ ರೆಕಾರ್ಡಾಗದು; ಅವಕ್ಕೆ ಸೆಲ್ಲೋಟೇಪು ಅಂಟಿಸಿ, ಅದರ ಮೇಲೆಯೇ ಉತ್ತರ ತುಂಬಿಸಿ ಊರಿಗೆ ಹೊರಟವರ ಕೈಯಲ್ಲಿ ಕಳಿಸುವುದು ರೂಢಿ. ಹೀಗಾಗಿ ಹೆಂಡತಿಯ ಮಾತನ್ನು ಗಂಡನ ಮಾತು ಅಳಿಸುತ್ತಿತ್ತು, ಗಂಡನದ್ದನ್ನು ಮತ್ತೆ ಹೆಂಡತಿಯದ್ದು. ಒಮ್ಮೆ ಬಂದ ಕ್ಯಾಸೆಟ್‌ನಲ್ಲಿ ತಾಳಮದ್ದಲೆ ಮುಗಿದ ಮೇಲೆ ಎಳೆಯ ಮಗಳು ಮೋಕ್ಷಾಳ ದನಿಯಿತ್ತು. “ಪಪ್ಪ, ಬಲೆ” — ಪಪ್ಪ, ಬನ್ನಿ — ಎಂದು ಕರೆದು, ತುಳುವಿನಲ್ಲಿ ಒಂದು, ಎರಡು, ಮೂರು ಎಣಿಸಿ, ತನ್ನಷ್ಟಕ್ಕೇ ನಗುವ ದನಿ. ಅದನ್ನು ಅಳಿಸಲು ತಾರಾನಾಥರಿಗೆ ಮನಸ್ಸು ಬರಲಿಲ್ಲ. ಒಳ್ಳೆಯ ಜಪಾನಿ ಕ್ರೋಮ್ ಟೇಪ್ ಕೊಂಡು ಶುದ್ಧವಾದ ಪ್ರತಿಯೊಂದನ್ನು ಮಾಡಿಕೊಂಡರು. ಮೂಲವನ್ನು ತಾಳಮದ್ದಲೆ ಕೇಳಲೆಂದು ಒಯ್ದವರು ಯಾರೋ ಹಿಂದಿರುಗಿಸಲೇ ಇಲ್ಲ.

ಈ ವರ್ಷ ಮೋಕ್ಷಾಳಿಗೇ ಹೆಣ್ಣುಮಗು ಹುಟ್ಟಿತು. ಗಂಡ ಲತೇಶನೊಂದಿಗೆ ಅವಳಿರುವುದು ಅದೇ ದೇಶದ ರಾಜಧಾನಿಯಲ್ಲಿ, ಬಿನ್ ಒಮ್ರಾನ್‌ನ ಫ್ಲ್ಯಾಟಿನಲ್ಲಿ. ನಾಮಕರಣದ ಶುಕ್ರವಾರ ಗೊತ್ತಾದ ಕೂಡಲೇ ಅವಳು ಫೋನು ಮಾಡಿದಳು.

“ಪಪ್ಪ, ನನ್ನ ವಾಯ್ಸ್ ಇರುವ ಆ ಕ್ಯಾಸೆಟ್ ತನ್ನಿ. ಹೆಸರಿಡುವಾಗ ಪಾಪುವಿಗೆ ಫಸ್ಟ್ ಅದನ್ನೇ ಕೇಳಿಸುವುದು. ಪ್ರಾಮಿಸ್?”

“ಅದಕ್ಕೆ ಪ್ರಾಮಿಸ್ ಎಂತಕ್ಕೆ ಮಗಾ, ತರ್ತೇನೆ” ಎಂದರು ತಾರಾನಾಥರು.

ಅದೇ ವಾರ ಬಿನ್ ಒಮ್ರಾನ್‌ನ ಜಲೀಲ್ ತಾರಾನಾಥರನ್ನು ತಮ್ಮ ಅಂಗಡಿಗೆ ಕರೆಸಿದರು. ಉಳ್ಳಾಲದ ಜಲೀಲ್ ಒಂದು ಕಾಲದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದವರು, ಈಗ ಮೊಬೈಲಿನ ಕವರು, ಚಾರ್ಜರು ಮಾರುವವರು. ಹಳೆಯ ಕ್ಯಾಂಪೊಂದನ್ನು ಕೆಡಹುವಾಗ ಸಿಕ್ಕಿದ ರಟ್ಟಿನ ಪೆಟ್ಟಿಗೆಯನ್ನು ತಾರಾನಾಥರಿಗೆಂದೇ ಎತ್ತಿಟ್ಟಿದ್ದರು.

“ತಾರಣ್ಣ, ಯಲ್ಲಾ, ಇದನ್ನು ತಕೊಂಡು ಹೋಗಿ. ಇಲ್ಲಿ ಇನ್ನು ಜಾಗ ಮಾಫಿ, ಇಲ್ಲವೇ ಇಲ್ಲ” ಎಂದರು ಜಲೀಲ್. “ನನ್ನ ಹೆಂಡತಿ ಕೇಳ್ತಾಳೆ, ಆ ತಾರಣ್ಣನಿಗೆ ಮನೆಯಲ್ಲಿ ಟಿವಿ ಇಲ್ವಾ ಅಂತ.”

ಪೆಟ್ಟಿಗೆಯ ತಳದಲ್ಲಿ, ಬೆನ್ನಿನ ಸೆಲ್ಲೋಟೇಪು ಹಳದಿಗಟ್ಟಿ, ಲೇಬಲ್ಲಿನಲ್ಲಿ ಲೀಲಾಕ್ಷಿಯ ಅಕ್ಷರ ಇನ್ನೂ ಉಳಿದು, ಆ ಕಳೆದುಹೋದ ಮೂಲ ಇತ್ತು.

ಮನೆಗೆ ಬಂದವರೇ ತಾರಾನಾಥರು ತಮ್ಮ ಕ್ರಮದಂತೆ ಎರಡನ್ನೂ ಜೋಡಿಸಿದರು. ಎಡ ಡೆಕ್‌ನಲ್ಲಿ ಕ್ರೋಮ್ ಪ್ರತಿ, ಬಲದಲ್ಲಿ ಮೂಲ. ಮೂಲದಲ್ಲಿ ಸರ್ ಸರ್ ಹೆಚ್ಚು, ಆದರೆ ಮಗುವಿನ ನಗುವಿನ ತುದಿ ಇನ್ನೂ ಚೂಪಾಗಿತ್ತು. ಅವರು ತೃಪ್ತಿಯಿಂದ ತಲೆಯಾಡಿಸುತ್ತಿದ್ದಾಗಲೇ ಬಲಗಡೆಯಿಂದ ಹೆಂಗಸೊಬ್ಬಳ ದನಿ ಕೇಳಿತು. ‘ಹೇಳು ಪುಟ್ಟಾ, ಇನ್ನೊಮ್ಮೆ ಹೇಳು, ಪಪ್ಪ ಕೇಳ್ತಾರೆ’ ಎಂದು ತುಳುವಿನಲ್ಲಿ ಪುಸಲಾಯಿಸುವ ದನಿ. ಎಡಗಡೆಯ ಪ್ರತಿಯಲ್ಲಿ ಆ ಜಾಗದಲ್ಲಿ ಏನೂ ಇರಲಿಲ್ಲ. ಮಗುವಿನ ಒಂದು ಮಾತಿಗೆ ಇನ್ನೊಂದು ಮಾತು ನೇರವಾಗಿ ಅಂಟಿಕೊಂಡಿತ್ತು. ನಡುವೆ ಬರುವ ದೊಡ್ಡವರ ಮಾತು, ಕುಕ್ಕರಿನ ಕೂಗು, ಕೋಳಿಯ ಸದ್ದು ಎಲ್ಲವನ್ನೂ ಬೇಡದ ಸದ್ದೆಂದು ರೆಕಾರ್ಡಿಂಗ್ ತಡೆಯುವ ಪಾಝ್ ಗುಂಡಿ ಒತ್ತಿ ಒತ್ತಿ ಕೈಬಿಟ್ಟವರು ತಾವೇ ಎಂಬುದು ಅವರಿಗೆ ನೆನಪಾಯಿತು. ಶುದ್ಧ ಪ್ರತಿ ಎಂದರೆ ಆಗ ಅವರಿಗೆ ಹಾಗೆ.

ಆದರೆ ಆ ದನಿ ಲೀಲಾಕ್ಷಿಯದ್ದಲ್ಲ. ವಾರಿಜಳದ್ದು. ವಾರಿಜ ಎಂದರೆ ಊರಿನ ಪಕ್ಕದ ಮನೆಯವಳು, ಕ್ಯಾಂಪಿನಲ್ಲಿ ತಾರಾನಾಥರ ಜೊತೆ ಒಂದೇ ಕೋಣೆಯಲ್ಲಿದ್ದ ಸಂಕಪ್ಪನ ಹೆಂಡತಿ. ಆ ಎರಡು ಮನೆಗಳಿಗೂ ಸೇರಿ ಇದ್ದದ್ದು ಒಂದೇ ಟೇಪ್ ರೆಕಾರ್ಡರ್. ಎರಡು ಮನೆಯ ಕ್ಯಾಸೆಟ್‌ಗಳೂ ಒಂದೇ ಚೀಲದಲ್ಲಿ ಬರುತ್ತಿದ್ದವು. ಸಂಕಪ್ಪನಿಗೂ ಮೋಕ್ಷಾಳ ವಯಸ್ಸಿನ ಮಗಳೊಬ್ಬಳಿದ್ದಳು, ಗ್ರೀಷ್ಮಾ.

ತಾರಾನಾಥರು ಲೀಲಾಕ್ಷಿಯನ್ನು ಕರೆದು ಹೆಡ್‌ಫೋನ್ ಕಿವಿಗಿಟ್ಟರು. “ಯಾರಿದು?”

“ವಾರಿಜಕ್ಕ.”

“ಅದು ಗೊತ್ತುಂಟು. ಮಗು ಯಾರದ್ದು?”

ಲೀಲಾಕ್ಷಿ ಮತ್ತೆ ಕೇಳಿದರು. ಮತ್ತೊಮ್ಮೆ. ಮುಖದ ನಗು ನಿಧಾನಕ್ಕೆ ಇಳಿಯಿತು. “ನಮ್ಮ ಮೋಕ್ಷಾ ಅಂತ ಕಾಣ್ತದೆ. ಅಲ್ಲ... ಇವ್ರೇ, ಒಂದು ಮಾತು ಹೇಳ್ತೇನೆ, ಸಿಟ್ಟು ಮಾಡ್ಬೇಡಿ. ರೆಕಾರ್ಡರಿನ ಕೆಂಪು ದೀಪ ಕಂಡ್ರೆ ಮೋಕ್ಷಾ ಬಾಯಿಯೇ ಬಿಡ್ತಿರಲಿಲ್ಲ. ಹೊರಡುವವರು ಅಂಗಳದಲ್ಲಿ ಕಾಯ್ತಾ ಇರ್ತಿದ್ದರು. ಖಾಲಿ ಕ್ಯಾಸೆಟ್ ಬಂದ್ರೆ ನಿಮಗೆ ಬೇಜಾರಾಗ್ತದಲ್ಲ? ಹಾಗೆ ಕೆಲವು ಸಲ ವಾರಿಜಕ್ಕ ಗ್ರೀಷ್ಮಾಳ ಕೈಯಲ್ಲಿ ಮಾತಾಡಿಸ್ತಿದ್ದಳು.”

“ಕೆಲವು ಸಲ ಅಂದ್ರೆ? ಇದು ಯಾವ ಸಲ?”

“ನನಗೆ ಹೇಗೆ ಗೊತ್ತಾಗ್ಬೇಕು? ಆ ವಯಸ್ಸಿನ ಮಕ್ಕಳ ಕೊಂಜೆ ಮಾತು ಎಲ್ಲ ಒಂದೇ.”

ತಾರಾನಾಥರು ಸಿಟ್ಟು ಮಾಡಲಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ಊರಿಗೆ ಫೋನು ಮಾಡಿ ವಾರಿಜಳಿಗೆ ಆ ತುಣುಕನ್ನು ಕೇಳಿಸಿದರು. ಅವಳು ಬಿದ್ದು ಬಿದ್ದು ನಕ್ಕಳು. “ಅಯ್ಯೋ, ಲೀಲಾ ಉಲ್ಟಾ ಹೇಳಿದ್ದು! ಕೆಂಪು ದೀಪಕ್ಕೆ ಹೆದರ್ತಿದ್ದದ್ದು ನಮ್ಮ ಗ್ರೀಷ್ಮಾ. ನಮ್ಮ ಇವರಿಗೆ ನಿಮ್ಮ ಮೋಕ್ಷಾಳ ದನಿಯನ್ನೇ ಕಳಿಸಿದ್ದುಂಟು” ಎಂದಳು. ಮತ್ತೆ, “ಅಲ್ವಾ? ಇಬ್ಬರೂ ಹೆದರ್ತಿದ್ದರಾ ಏನೋ” ಎಂದು ಸೇರಿಸಿದಳು.

ಮರುದಿನ ಕಾರ್ಖಾನೆಯಲ್ಲಿ ಮಾಪಕದ ಮುಳ್ಳು ನೋಡುತ್ತ ತಾರಾನಾಥರು ಅದನ್ನೇ ಯೋಚಿಸಿದರು. ರೆಕಾರ್ಡರಿನ ಬೆಲ್ಟು ಸಡಿಲವಾಗಿತ್ತೆಂದು, ದನಿ ತುಸು ಎಳೆದಂತಿದೆಯೆಂದು, ಮೈಕು ಮಗುವಿನ ಬಾಯಿಗೆ ಅಂಟಿಕೊಂಡಿತ್ತೆಂದು ಅವರು ಹೇಳಬಲ್ಲರು. ಎರಡು ಕ್ಯಾಸೆಟ್‌ಗಳಲ್ಲಿ ಯಾವುದು ಮೂಲಕ್ಕೆ ಹತ್ತಿರ ಎಂದು ಹೇಳಬಲ್ಲರು. ಯಾವ ಮಗುವಿಗೆ ಹತ್ತಿರ ಎಂದು ಹೇಳಲು ಪಕ್ಕದಲ್ಲಿಟ್ಟು ನೋಡುವ ಖಚಿತವಾದ ದನಿಯೊಂದು ಬೇಕಿತ್ತು. ಅಂಥದ್ದು ಭೂಮಿಯ ಮೇಲೆ ಉಳಿದಿರಲಿಲ್ಲ. ಉತ್ತರಗಳು ಎಲ್ಲವನ್ನೂ ಅಳಿಸಿದ್ದವು. ಮಗಳಿಗೆ ಕೊಟ್ಟ ಮಾತು ಏನಾಗಬೇಕು? ಅವಳ ಮಗುವಿನ ಕಿವಿಗೆ ಯಾರ ದನಿಯನ್ನು ಒಯ್ಯುವುದು? ಅಥವಾ ಇಷ್ಟು ವರ್ಷ ಎದೆಗಿಟ್ಟುಕೊಂಡು ಕೇಳಿದ್ದು ಸಂಕಪ್ಪನ ಸೊತ್ತಾದರೆ, ಅದನ್ನು ಅವನಿಗೆ ಒಪ್ಪಿಸಬೇಡವೆ?

ಸಂಕಪ್ಪ ಈಗ ಅಲ್ ಶಮಾಲ್ ಕಡೆಯ ತೋಟವೊಂದರಲ್ಲಿ ಪಂಪುಗಳನ್ನು ನೋಡಿಕೊಂಡಿದ್ದಾನೆ. ರಜೆಯ ದಿನ ತಾರಾನಾಥರು ಬ್ಯಾಟರಿಯ ಪುಟ್ಟ ಪ್ಲೇಯರ್ ಮತ್ತು ಎರಡೂ ಕ್ಯಾಸೆಟ್ ಹಿಡಿದು ದೇಶದ ಈ ತುದಿಯಿಂದ ಆ ತುದಿಗೆ ಕಾರು ಓಡಿಸಿದರು. ಪಂಪಿನ ಮನೆಯ ನೆರಳಲ್ಲಿ ಕುಳಿತು ಸಂಕಪ್ಪನಿಗೆ ಎಲ್ಲವನ್ನೂ ಹೇಳಿ ಮೂಲವನ್ನು ಹಾಕಿದರು.

ಸಂಕಪ್ಪ ಪಂಪು ನಿಲ್ಲಿಸಿ ಬಂದು ಕೇಳಿದ. ವಾರಿಜಳ ದನಿ ಬಂದಾಗ, “ಆಗ ಎಷ್ಟು ಮೆಲ್ಲ ಮಾತಾಡ್ತಿದ್ದಳು ನೋಡು. ಈಗ ಫೋನು ದೂರ ಹಿಡಿಯಬೇಕು” ಎಂದ. ಮಗುವಿನ ದನಿ ಬಂದಾಗ ಪ್ಲೇಯರಿನತ್ತ ಬಾಗಿದ.

“ಸಂಕಪ್ಪಣ್ಣ, ನಿನ್ನ ಗ್ರೀಷ್ಮಾಳದ್ದಾದರೆ ಇದು ನಿನ್ನದು. ಹೇಳು.”

“ಎಂತ ಹೇಳುವುದು ಮಾರಾಯ?” ಎಂದ ಸಂಕಪ್ಪ. “ಗುರುವಾರ ಸಂಜೆ ನೀನು ಡ್ಯೂಟಿಗೆ ಹೋದ ಮೇಲೆ ನಾನು ನಿನ್ನ ಆ ಕ್ರೋಮ್ ಪ್ರತಿಯನ್ನೇ ಹಾಕ್ತಿದ್ದೆ. ನನ್ನ ಕ್ಯಾಸೆಟ್‌ಗಳೆಲ್ಲ ಉತ್ತರ ತುಂಬಿಸಿ ಊರಿಗೆ ಹೋಗ್ತಿದ್ದವು, ನನ್ನ ಹತ್ತಿರ ಒಂದೂ ಇರಲಿಲ್ಲ. ನಿನ್ನ ಮಗಳ ದನಿ ಕೇಳಿ ನನ್ನ ಮಗಳು ಅಂದ್ಕೊಳ್ತಿದ್ದೆ. ಈಗ ನೀನು ಬಂದು ಅದು ನನ್ನ ಮಗಳೇ ಇರಬಹುದು ಅಂತೀಯ. ಹಾಗಾದ್ರೆ ನಾನು ಅಂದ್ಕೊಂಡದ್ದು ಸರಿಯಾ, ತಪ್ಪಾ?”

ತಾರಾನಾಥರು ಟೇಪನ್ನು ಹಿಂದಕ್ಕೆ ಓಡಿಸಿದರು. ಇಬ್ಬರೂ ಇನ್ನೊಮ್ಮೆ ಕೇಳಿದರು. ಈ ಸಲ ಸಂಕಪ್ಪನಿಗೆ ಅದು ಮೋಕ್ಷಾಳೆನ್ನಿಸಿತು, ತಾರಾನಾಥರಿಗೆ ಗ್ರೀಷ್ಮಾಳೆನ್ನಿಸಿತು.

“ಖಲಾಸ್” ಎಂದು ಸಂಕಪ್ಪ ಎದ್ದ. “ನಾಮಕರಣಕ್ಕೆ ನಾನೂ ಬರ್ತೇನೆ. ಇದು ಯಾರಾದರೂ ಇರಲಿ, ಅವಳ ಅಪ್ಪ ಅಲ್ಲಿ ಇದ್ದ ಹಾಗಾಯಿತು.”

ಶುಕ್ರವಾರ ಬಿನ್ ಒಮ್ರಾನ್‌ನ ಫ್ಲ್ಯಾಟಿನಲ್ಲಿ ತೊಟ್ಟಿಲಿನ ಬದಿಯ ಟೀಪಾಯಿಯ ಮೇಲೆ ತಾರಾನಾಥರು ಪ್ಲೇಯರ್ ಇಟ್ಟರು. ಕ್ರೋಮ್ ಪ್ರತಿಯನ್ನು ಕೈಗೆತ್ತಿಕೊಂಡರು. ದನಿ ನಿರ್ಮಲ, ಸದ್ದಿಲ್ಲ, ಯಾರೂ ಏನೂ ಕೇಳುವ ಹಾಗಿಲ್ಲ. ಅದನ್ನು ಹಾಕಿದ್ದರೆ ತನ್ನದೇ ದನಿಯೆಂದು ಮೋಕ್ಷಾ ನಂಬಿಕೊಂಡೇ ಇರುತ್ತಿದ್ದಳು. ಆದರೂ ಅದನ್ನು ಸಂಕಪ್ಪನ ಅಂಗಿಯ ಜೇಬಿಗೆ ಹಾಕಿ, ಹಳೆಯ ಮೂಲವನ್ನೇ ಒಳಗಿಟ್ಟು ಗುಂಡಿ ಒತ್ತಿದರು.

ಸರ್ ಸರ್ ಸದ್ದು, ಕೋಳಿ, ಕುಕ್ಕರು. ವಾರಿಜಳ ಪುಸಲಾವಣೆ. “ಪಪ್ಪ, ಬಲೆ.” ಎಣಿಕೆ, ನಗು.

“ಇದು ಅಮ್ಮ ಅಲ್ವಲ್ಲ?” ಮೋಕ್ಷಾ ತಲೆಯೆತ್ತಿದಳು. “ಪಪ್ಪ, ಇದು ನಾನೇ ಅಲ್ವಾ?”

“ಗೊತ್ತಿಲ್ಲ ಮಗಾ” ಎಂದರು ತಾರಾನಾಥರು. “ನೀನು, ಇಲ್ಲವಾದರೆ ಸಂಕಪ್ಪಣ್ಣನ ಗ್ರೀಷ್ಮಾ. ನಾನು ತುಂಬ ನೋಡಿದೆ. ಗೊತ್ತಾಗಲಿಲ್ಲ.”

ಮೋಕ್ಷಾ ಅಪ್ಪನ ಮುಖ ನೋಡಿದಳು, ಸಂಕಪ್ಪನ ಮುಖ ನೋಡಿದಳು. ಇಬ್ಬರು ಗಂಡಸರೂ ಪರೀಕ್ಷೆಯಲ್ಲಿ ಉತ್ತರ ಬರೆಯಲಾರದ ಹುಡುಗರಂತೆ ನಿಂತಿದ್ದರು. ನಗಬೇಕೋ ಅಳಬೇಕೋ ತಿಳಿಯದೆ ಅವಳು ಮಗುವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

“ರಿವೈಂಡ್ ಮಾಡಿ ಸಂಕಪ್ಪ ಅಂಕಲ್” ಎಂದಳು. “ಗ್ರೀಷ್ಮಾಳಿಗೆ ವಿಡಿಯೊ ಕಾಲ್ ಹಾಕ್ತೇನೆ. ಅವಳೂ ಕೇಳಲಿ.”

ಸಂಕಪ್ಪ ಟೇಪನ್ನು ಹಿಂದಕ್ಕೆ ಓಡಿಸಿದ. ಕೇಳಿದ ಗ್ರೀಷ್ಮಾ ಮಂಗಳೂರಿನಿಂದ ಅದು ಮೋಕ್ಷಾಳದ್ದೇ ಎಂದು ಆಣೆ ಹಾಕಿದಳು. ಮೋಕ್ಷಾಳಿಗೆ ಅಷ್ಟರಲ್ಲಿ ಅದು ಗ್ರೀಷ್ಮಾಳದ್ದೇ ಎಂದು ಖಚಿತವಾಗತೊಡಗಿತ್ತು. ಊಟಕ್ಕೆ ಎಲೆ ಹಾಕುವ ಗದ್ದಲದಲ್ಲಿ ತಾರಾನಾಥರು ಕ್ಯಾಸೆಟ್ ಹೊರತೆಗೆದರು. ಅದರ ಬೆನ್ನಿನ ಸಂದುಗಳಿಗೆ ಅಂಟಿಸಿದ್ದ ಹಳದಿ ಸೆಲ್ಲೋಟೇಪನ್ನು ಉಗುರಿನಿಂದ ಸುಲಿದರು. ಇನ್ನು ಆ ದನಿಯ ಮೇಲೆ ಯಾರೂ ಉತ್ತರ ತುಂಬಿಸುವಂತಿರಲಿಲ್ಲ.