ಪ್ರಮೋದಾ ಗೇಟಿನಾಚೆ ನಿಂತು ಓದಿದ ಕತೆ

ಬೆಳಗಿನ ಆರು ಗಂಟೆ. ಅರಿಶಿನಕುಂಟೆಯ ಗ್ರಂಥಾಲಯದ ಜಗಲಿಯಲ್ಲಿ ಪ್ರಮೋದಾ ಲಾರಿಗಳ ಹಾರ್ನಿಗೆ ಸೆಡ್ಡು ಹೊಡೆದು ಗಟ್ಟಿಯಾಗಿ ಓದುತ್ತಿದ್ದಾರೆ. ಕತೆಯಲ್ಲಿ ದೂರದ ಹಿಮದ ನಾಡಿನ ಮೂಲನಿವಾಸಿ ಹೆಂಗಸೊಬ್ಬಳು ಕಾಣೆಯಾದ ತಂಗಿಗಾಗಿ ಪೊಲೀಸ್ ಠಾಣೆಯ ಬಾಗಿಲಲ್ಲಿ ಕೂತಿದ್ದಾಳೆ. ಕೇಳುತ್ತಿರುವವರು ಗೋದಾಮಿನ ಪ್ಯಾಕಿಂಗ್ ಕೆಲಸಕ್ಕೆ ಹೊರಟ ಹೆಂಗಸರು. “ಬುಡವ್ವಾ, ಆ ಪೊಲೀಸಪ್ಪ ಕುರ್ಚಿ ಬಿಟ್ಟು ಏಳಾಕಿಲ್ಲ,” ಎನ್ನುತ್ತಾರೆ ಗುಂಪಿನ ಹಿರಿಯರಾದ ಅಮ್ಮಯಮ್ಮ. ಅಷ್ಟರಲ್ಲಿ ಕಂಪನಿ ವ್ಯಾನ್ ಬರುತ್ತದೆ, ಎಲ್ಲರೂ ಊಟದ ಡಬ್ಬಿ ಹಿಡಿದು ಏಳುತ್ತಾರೆ.

ಪ್ರಮೋದಾ ಗ್ರಂಥಾಲಯದ ಮೇಲ್ವಿಚಾರಕಿ. ಹೀಗೆ ಓದಿ ಹೇಳಿ ಎಂದು ಅವರಿಗೆ ಯಾರೂ ಆದೇಶ ಕೊಟ್ಟಿಲ್ಲ. ವ್ಯಾನಿಗೆ ಕಾಯುವವರು ಸುಮ್ಮನೆ ಚಳಿಯಲ್ಲಿ ಕೂತಿರುತ್ತಾರಲ್ಲ ಎಂದು ಶುರುವಾದದ್ದು. “ಮೊದ್ಲು ಸಂಸಾರದ ಕತೆ ಓದ್ದೆ. ಅತ್ತೆ ಕಾಟ ನಮಗೇನು ಹೊಸದಾ, ಬೇರೇದು ಓದು ಅಂತ ಆಕಳಿಸಿದ್ರು,” ಎಂದು ನಗುತ್ತಾರೆ. ಆಗ ಕಪಾಟಿನ ಮೂಲೆಯಿಂದ ಹೊರಬಂದವು ಬೇರೆ ದೇಶಗಳಿಂದ ಅನುವಾದವಾಗಿ ಕನ್ನಡಕ್ಕೆ ಬಂದ ಕಪ್ಪು ಹೆಂಗಸರ, ಮೂಲನಿವಾಸಿ ಹೆಂಗಸರ ಕತೆಗಳು. ಅದರಲ್ಲೂ ಸೇಡಿನ ಕತೆ ಎಂದರೆ ಜಗಲಿಯಲ್ಲಿ ಉಸಿರೆತ್ತುವವರಿಲ್ಲ. ಅಮ್ಮಯಮ್ಮನ ತೀರ್ಪು ಸಿದ್ಧವಾಗಿದೆ: “ಗಂಡಸು ಸೇಡು ತೀರಿಸ್ಕಂಡ್ರೆ ಮೀಸೆ ತಿರುವ್ತಾನೆ. ಹೆಂಗ್ಸು ತೀರಿಸ್ಕಂಡ್ರೆ ಮಾರಿ ಅಂತಾರೆ.”

ಈ ಓದಿನಿಂದ ಹೆಂಗಸರ ತಲೆ ಕೆಡುತ್ತದೆ ಎಂದು ಊರಲ್ಲಿ ಕೊಂಕು ಆಡುವವರಿದ್ದಾರೆ. ಹೋದ ವರ್ಷ ಒಂದು ದಿನ ಪ್ರಮೋದಾ ಅವರಿಗೂ ಹಾಗೇ ಅನಿಸಿತ್ತು. ಅಂದಿನ ಕತೆಯಲ್ಲಿ ಜೀತದಾಳು ಅಡುಗೆಯವಳೊಬ್ಬಳು, ತನ್ನ ಮಗಳನ್ನು ಕೆಡಿಸಿದ ಒಡೆಯನ ಸಾರಿನ ಮಡಕೆ ಮೇಲೆ ವಿಷದ ಸೀಸೆ ಹಿಡಿದು ನಿಂತಿದ್ದಳು. ವ್ಯಾನ್ ಬೇಗ ಬಂತು, ಕತೆ ಅಲ್ಲಿಗೇ ನಿಂತಿತು. ಯಾವತ್ತೂ ಬಾಯಿ ಬಿಡದ ಮುತ್ತಮ್ಮ ವ್ಯಾನ್ ಹತ್ತುವಾಗ ಕೇಳಿದರು: “ಅವ್ಳು ಎಷ್ಟು ಹಾಕಿದ್ಲಕ್ಕಾ?”

ಉಳಿದವರು ನಕ್ಕರು. ಪ್ರಮೋದಾಗೆ ನಗು ಬರಲಿಲ್ಲ. ಗೋದಾಮಿನ ಮೇಸ್ತ್ರಿ ಮುತ್ತಮ್ಮನ ಮಗಳು ಚಂದನಳ ಮೈಮೇಲೆ ಕೈ ಹಾಕಿದ್ದು, ಹುಡುಗಿ ಕೆಲಸ ಬಿಟ್ಟು ಮನೆ ಸೇರಿದ್ದು ಅವರಿಗೆ ಗೊತ್ತಿತ್ತು. ಆ ಮೇಸ್ತ್ರಿಗೆ ದಿನಾ ಟೀ ಕೊಡುವುದು ಮುತ್ತಮ್ಮನೇ. “ಬೀಗ ಹಾಕಿ ಸಿಕ್ಕಿದ ಆಟೋ ಹತ್ಬಿಟ್ಟೆ,” ಎನ್ನುತ್ತಾರೆ ಪ್ರಮೋದಾ. ಗೋದಾಮಿನ ಒಳಗೆ ಬಿಡಲು ಗಾರ್ಡ್ ಒಪ್ಪಲಿಲ್ಲ. ಟೀ ಬಿಡುವಿಗೆ ಮುಂಚೆ ಮುತ್ತಮ್ಮನನ್ನು ಗೇಟಿಗೆ ಕರೆಸಿ, ಕಂಬಿಗಳ ಆಚೆ ನಿಂತು ಉಳಿದ ಕತೆ ಓದಿದರು.

ಒಡೆಯನ ಸಾರನ್ನು ಮೊದಲು ರುಚಿ ನೋಡುವುದು ಅಡುಗೆಮನೆಯ ಚಿಕ್ಕ ಹುಡುಗಿ. ಅದು ನೆನಪಾಗಿ ಅಡುಗೆಯವಳು ಮಡಕೆ ಬೋರಲು ಹಾಕುತ್ತಾಳೆ. ಊಟಕ್ಕೆ ಬಂದ ನೆಂಟರ ಮುಂದೆ ಹೋಗಿ, ಒಡೆಯ ಮಾಡಿದ್ದನ್ನೆಲ್ಲ ಬಾಯಿ ಬಿಟ್ಟು ಹೇಳುತ್ತಾಳೆ. ಬೆನ್ನಿಗೆ ಚಾಟಿ ಬೀಳುತ್ತದೆ, ಆದರೂ ನಿಲ್ಲಿಸುವುದಿಲ್ಲ.

ಮುತ್ತಮ್ಮ ಒಳಗೆ ಹೋಗಿ ಫ್ಲಾಸ್ಕಿನ ಟೀ ಮೋರಿಗೆ ಸುರಿದರು. ಅದರಲ್ಲಿ ಕಳೆನಾಶಕ ಬೆರೆಸಿದ್ದರು. ಆಮೇಲೆ ಮಗಳಿಗಾದದ್ದನ್ನು ಜತೆಯವರಿಗೆ ಬಾಯಿ ಬಿಟ್ಟು ಹೇಳಿದರು. ಸಂಜೆ ಹೆಂಗಸರೆಲ್ಲ ಮೇಸ್ತ್ರಿಯ ಮನೆ ಮುಂದೆ ಸೇರಿದರು. ನಮ್ಮ ಕಡೆ ಅನ್ಯಾಯವಾದಾಗ ಹಿಡಿ ಮಣ್ಣು ತೂರಿ ಶಾಪ ಹಾಕುವುದುಂಟು. ಅವರು ಒಬ್ಬೊಬ್ಬರೇ ಮಣ್ಣು ತೂರುತ್ತ, ಅವನು ತಮಗೆ ಮಾಡಿದ್ದನ್ನು ಬೀದಿಗೆಲ್ಲ ಕೇಳುವಂತೆ ಹೇಳಿದರು. ಮುತ್ತಮ್ಮ ಒಬ್ಬರದೇ ಗೋಳು ಎಂದುಕೊಂಡಿದ್ದು ಅಲ್ಲಿದ್ದ ಅರ್ಧ ಜನರದ್ದಾಗಿತ್ತು. ಮೇಸ್ತ್ರಿಯ ಕೆಲಸ ಹೋಗಿದೆ, ಕೇಸು ನಡೆಯುತ್ತಿದೆ.

ಈಗ ಸೇಡಿನ ಕತೆ ಇದ್ದರೆ ಪ್ರಮೋದಾ ಕೊನೆಯನ್ನು ಮೊದಲೇ ಹೇಳಿಬಿಡುತ್ತಾರೆ. ಸ್ವಾರಸ್ಯ ಹೋಯ್ತೆಂದು ಅಮ್ಮಯಮ್ಮ ಗೊಣಗುತ್ತಾರೆ. ಪ್ರಮೋದಾ ಅವರನ್ನು ಏನು ಬೇಕು ಎಂದು ಕೇಳಿದರೆ, “ವ್ಯಾನು ಒಂಚೂರು ಲೇಟಾಗಿ ಬರ್ಲಿ, ಸಾಕು,” ಎನ್ನುತ್ತಾರೆ. ಇಂಥವರು ನಮ್ಮ ನಡುವೆ ಇದ್ದಾರಲ್ಲ ಎಂದು ನನಗಂತೂ ಕೈ ಮುಗಿಯಬೇಕೆನಿಸುತ್ತದೆ.

ಹೆಸರು ಬದಲಿಸಿ ಬರೆಯಲೇ ಎಂದು ಮುತ್ತಮ್ಮನನ್ನು ಕೇಳಿದೆ. “ಯಾಕೆ ಸಾರ್? ಮುಖ ಮುಚ್ಕಳದು ಅವ್ನು, ನಾನಲ್ಲ,” ಎಂದರು. ಆಮೇಲೆ ಪ್ರಮೋದಾ ಕಡೆ ನೋಡಿ, “ಅವತ್ತು ಈ ಅಕ್ಕ ಗೇಟಿಗೆ ಬರ್ದೆ ಇದ್ದಿದ್ರೆ ನಾನು ಜೈಲಲ್ಲಿರ್ತಿದ್ದೆ. ಇವತ್ತು ಬೆಳಿಗ್ಗೆ ಮಗಳಿಗೆ ತಲೆ ಬಾಚಿ, ಜಡೆ ಹಾಕಿ ಬಂದಿದೀನಿ.”