ಮುಖವಾಡದ ವೀರನನ್ನು ತರಗತಿಗೆ ಕರೆತಂದವರು

ಬಳ್ಳಾರಿ ಸೀಮೆಯ ಕನ್ನಡ ಅಧ್ಯಾಪನ ವಲಯದಲ್ಲಿ ಹಳಗನ್ನಡ ಕಾವ್ಯವನ್ನು ಪದ ಬಿಡಿಸಿ, ಅನ್ವಯ ಮಾಡಿ, ಹಿಂದಿನ ಬೆಂಚಿನವರಿಗೂ ಮುಟ್ಟುವಂತೆ ಹೇಳಬಲ್ಲವರು ಯಾರೆಂದು ಕೇಳಿದರೆ ಮೊದಲ ಸಾಲಿನಲ್ಲಿ ಬರುವ ಹೆಸರು ಡಾ. ಶ್ರೀಪ್ರಿಯಾ ಅವರದು. ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಅವರ ಹೆಸರಿಗೆ ಅಂಟಿಕೊಂಡ ಇನ್ನೊಂದು ಮಾತಿದೆ. ಅದನ್ನು ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ, ಕಾರಿಡಾರಿನಲ್ಲಿ ನಗುತ್ತ ಆಡಿಕೊಳ್ಳುತ್ತಾರೆ. ಸೂಪರ್‌ಹೀರೋ ಕಾಮಿಕ್ಸ್ ಕೂಡ ಕಥನವೇ, ಕಾದಂಬರಿಗೆ ಕೊಡುವಷ್ಟೇ ಗಮನ ಕೊಟ್ಟು ಅದನ್ನೂ ಓದಬೇಕು ಎಂದು ಅವರು ಮೂರು ದಶಕ ಹಟ ಹಿಡಿದರು. ಅವರ ಈ ಅಭಿನಂದನ ಸಂಪುಟಕ್ಕೆ ಸಂಪಾದಕ ಮಂಡಳಿಯವರು ನನಗೆ ವಹಿಸಿದ್ದ ವಿಷಯ ಹಳಗನ್ನಡ ಬೋಧನೆ. ಅದನ್ನು ಬರೆಯಲು ನನಗಿಂತ ಸಮರ್ಥರಿದ್ದಾರೆ. ಐವತ್ತು ದಾಟಿದ ನನಗೆ ಇಂಥ ಸಂಪುಟಗಳಿಗೆ ಬರೆದು ಬರೆದು ಕೈ ಸೋತಿದೆ. ಯಾರ ಹೆಸರು ಹಾಕಿದರೂ ನಡೆಯುವಂಥ ಹೊಗಳಿಕೆಯನ್ನು ಇನ್ನೊಮ್ಮೆ ಬರೆಯುವುದಕ್ಕಿಂತ ಕಾರಿಡಾರಿನ ಆ ಮಾತಿನ ಪೂರ್ವಾಪರವನ್ನು ಬರೆದಿಡುವುದೇ ಲೇಸೆನಿಸಿತು.

ಶ್ರೀಪ್ರಿಯಾ ಅವರು ಹುಟ್ಟಿ ಬೆಳೆದದ್ದು ಬಳ್ಳಾರಿಯಲ್ಲಿ. ತಂದೆ ವೇದವ್ಯಾಸರು ಅಂಚೆ ಕಚೇರಿಯ ಗುಮಾಸ್ತರು. ಸಂಜೆ ಕೈಕಾಲು ತೊಳೆದು ಕುಳಿತರೆ ಕಾವ್ಯ ವಾಚನ. ಹಾಗೆ ಕಿವಿಯಿಂದಲೇ ಕನ್ನಡ ಕಲಿತ ಮಗಳು ಎಂ.ಎ. ಮುಗಿಸಿ ಸಿರುಗುಪ್ಪದ ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದ ವರ್ಷವೇ ನಾನು ಸಿರಿಗೇರಿಯಿಂದ ಅಲ್ಲಿಗೆ ಪಿಯುಸಿಗೆ ಸೇರಿದೆ. ಅವರು ಬಳ್ಳಾರಿಯಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನಮ್ಮ ತರಗತಿಯಲ್ಲಿ ಭತ್ತದ ಗದ್ದೆಯಿಂದ ನೇರ ಬಂದವರಿದ್ದರು, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿಂದ ಬಂದ, ಮನೆಯಲ್ಲಿ ತೆಲುಗು ಮಾತ್ರ ಆಡುವ ಹುಡುಗರಿದ್ದರು. ಮಧ್ಯಾಹ್ನದ ಪಾಠದಲ್ಲಿ ಅರ್ಧ ತರಗತಿ ತೂಕಡಿಸುತ್ತಿತ್ತು.

ಅಂಥ ಒಂದು ಮಧ್ಯಾಹ್ನ ನನ್ನ ಪಕ್ಕದ ಚನ್ನಬಸವ ಪಠ್ಯಪುಸ್ತಕದ ನಡುವೆ ಕಾಮಿಕ್ಸ್ ಇಟ್ಟುಕೊಂಡು ಓದುತ್ತ ಸಿಕ್ಕಿಬಿದ್ದ. ಹರಿದು ಎಸೆಯುತ್ತಾರೆಂದು ಕಾದೆವು. ಮೇಡಂ ಅದನ್ನು ತಮ್ಮ ಚೀಲಕ್ಕೆ ಹಾಕಿಕೊಂಡು ಪಾಠ ಮುಂದುವರಿಸಿದರು. ಮರುದಿನ ಬಂದವರೇ ಅವನನ್ನು ಎಬ್ಬಿಸಿ ನಿಲ್ಲಿಸಿದರು.

“ಬಸ್ಸಿನಾಗ ನಿನ್ನ ಪುಸ್ತಕ ಓದಿದೆ. ಕಡೀ ಪುಟದಾಗ ಊರಿನ ಮಂದಿ ಎಲ್ಲಾ ಈ ಮುಖವಾಡದವನ್ನ ಕೂಗಿ ಕರೀತಾರ. ಇವ ಯಾಕ ತಿರುಗಿ ನೋಡಲಿಲ್ಲ?”

“ಗೊತ್ತಿಲ್ರಿ ಮೇಡಂ. ಅದರಾಗ ಬರದಿಲ್ರಿ.”

“ಬರದಿಲ್ಲ ಅಂತನೇ ಕೇಳಲಿಕ್ಕತ್ತೀನಿ.”

ಒಬ್ಬ ಸೊಕ್ಕು ಅಂದ. ಇನ್ನೊಬ್ಬ, ಒಂದು ಜೀವ ಉಳಿಸಲು ಆಗಲಿಲ್ಲವಲ್ಲ, ಅದಕ್ಕೆ ನಾಚಿಕೆ ಅಂದ. ಎಂದೂ ಬಾಯಿ ಬಿಡದ ಕ್ಯಾಂಪಿನ ಹುಡುಗನೊಬ್ಬ ಎದ್ದು, “ಅವನಿಗಿ ಸಾಕಾಗೈತ್ರಿ ಮೇಡಂ,” ಅಂದ. ಆ ದಿನ ಹಳಗನ್ನಡ ಪಾಠ ನಡೆಯಲಿಲ್ಲ. ಆದರೆ ಅದರ ಮುಂದಿನ ವಾರ ಕಾವ್ಯದಲ್ಲಿ ಸೋತ ದೊರೆಯೊಬ್ಬ ಮೌನವಾಗಿ ಕುಳಿತ ಭಾಗ ಬಂದಾಗ, ಅವನು ಯಾಕೆ ಮಾತಾಡುವುದಿಲ್ಲ ಎಂದು ನಾವೇ ಕೇಳಿದೆವು.

ಮುಂದೆ ಅವರು ತಾವೇ ಕೊಂಡು ಓದತೊಡಗಿದರು. ಬಳ್ಳಾರಿ ಬಸ್ ನಿಲ್ದಾಣದ ಅಂಗಡಿ, ಕೌಲ್ ಬಜಾರಿನ ರದ್ದಿ ಅಂಗಡಿಗಳು, ಎಲ್ಲಿ ಸಿಕ್ಕರೂ ಸರಿ. ಕನ್ನಡ, ತೆಲುಗು, ಹಿಂದಿ ಯಾವುದಾದರೂ ಸರಿ. ಕೌಲ್ ಬಜಾರಿನಲ್ಲೇ ಅವನ್ನು ಬೈಂಡ್ ಮಾಡಿಸುತ್ತಿದ್ದರು. ಅವರ ಪರವಾಗಿ ಮಾತಾಡುತ್ತೇವೆಂದುಕೊಂಡು ನಾವು ಆಡಿದ ಎರಡು ಮಾತುಗಳನ್ನು ಅವರು ಎಂದೂ ಒಪ್ಪಲಿಲ್ಲ. ಕಾಮಿಕ್ಸ್ ಓದಿದರೆ ಹುಡುಗರು ಅಕ್ಷರ ಕಲಿಯುತ್ತಾರೆ ಎಂದರೆ, “ಹಂಗಾದ್ರ ಅಕ್ಷರ ಬಂದ ಮ್ಯಾಲೆ ಬಿಸಾಡಬೇಕೇನು?” ಎನ್ನುತ್ತಿದ್ದರು. ನಮ್ಮ ಪುರಾಣದ ವೀರರೂ ಹೀಗೇ, ಕುರುಗೋಡಿನ ಗುಡಿಯ ಕಂಬದ ಮೇಲೂ ಚಿತ್ರಗಳಲ್ಲೇ ಕಥೆಯಿದೆ ಎಂದರೆ, “ಆ ಗೌರವ ಪುರಾಣಕ್ಕ ಹೋತು, ಗುಡಿಗೆ ಹೋತು. ಇದಕ್ಕೇನು ಬಂತು?” ಎನ್ನುತ್ತಿದ್ದರು. ಅವರ ವಾದ ಸರಳವಾಗಿತ್ತು. ಮೊದಲನೆಯದು, ಚಿತ್ರದ ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ನಡುವೆ ನಡೆದದ್ದನ್ನು ಓದುಗನೇ ತುಂಬಿಕೊಳ್ಳಬೇಕು. ಆ ಕೆಲಸವನ್ನು ಬೇರೆ ಯಾವ ಪ್ರಕಾರವೂ ಹೀಗೆ ಕೇಳುವುದಿಲ್ಲ. ಎರಡನೆಯದು, ಈ ವೀರನಿಗೆ ಪಟ್ಟಾಭಿಷೇಕವಿಲ್ಲ. ಈ ತಿಂಗಳು ಊರನ್ನು ಉಳಿಸಿದರೆ ಮುಂದಿನ ತಿಂಗಳು ಅದೇ ಊರು, ಅದೇ ಗಂಡಾಂತರ. ಗೆದ್ದರೂ ಮುಗಿಯದ ಕೆಲಸದ ಕಥೆಯನ್ನು ಇಷ್ಟು ದೀರ್ಘವಾಗಿ ಬೇರೆ ಯಾರು ಹೇಳಿದ್ದಾರೆ ಎಂದು ಅವರು ಕೇಳುತ್ತಿದ್ದರು.

ಹಾಗೆಂದು ಸಿಕ್ಕದ್ದನ್ನೆಲ್ಲ ಅವರು ತಲೆಯ ಮೇಲೆ ಹೊತ್ತವರಲ್ಲ. ನನ್ನ ತಾಯಿ ಗಿಡ್ಡಮ್ಮ ಬಳ್ಳಾರಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮೇಡಂ ತಮ್ಮ ಪಾರ್ವತಿನಗರದ ಮನೆಯಿಂದ ಬೆಳಿಗ್ಗೆ ಬೆಳಿಗ್ಗೆ ಗಂಜಿ ತರುತ್ತಿದ್ದರು. ನಾನು ಔಷಧಿಗೆ ಓಡಾಡುವಾಗ ಅವ್ವನ ಪಕ್ಕದಲ್ಲಿ ಕೂರುತ್ತಿದ್ದರು. ಅಕ್ಷರ ಬಾರದ ಅವ್ವನಿಗೆ ಹೊತ್ತು ಹೋಗಲೆಂದು ಒಂದು ಕಾಮಿಕ್ಸ್ ಕೊಟ್ಟರು. ಅವ್ವ ಪುಟಗಳನ್ನು ತಿರುವಿ ಹಾಕಿ, “ಬರೀ ಬಡದಾಟ ಐತಲ್ರವ್ವ ಇದು. ಯಾಕ ಬಡದಾಡ್ತಾರಂತ ತಿಳಿವಲ್ದು,” ಅಂದಳು. ಮೇಡಂ ಆ ಪುಸ್ತಕವನ್ನು ಇಸಿದುಕೊಂಡು ಮತ್ತೊಮ್ಮೆ ನೋಡಿ, “ಖರೆ ಅದ. ಇದನ್ನ ಚಲೋ ಬರದಿಲ್ಲ,” ಎಂದು ಚೀಲಕ್ಕೆ ಹಾಕಿಕೊಂಡರು. ಕೆಟ್ಟದ್ದನ್ನು ಕೆಟ್ಟದ್ದೆಂದು ಬೇರ್ಪಡಿಸುವಷ್ಟು ಗಂಭೀರವಾಗಿ ಓದುವುದೇ ಅವರ ಮಟ್ಟಿಗೆ ಗೌರವವಾಗಿತ್ತು.

ಎಂ.ಎ. ತರಗತಿಗಳೂ ಇದ್ದ ಬಳ್ಳಾರಿಯ ಪದವಿ ಕಾಲೇಜಿಗೆ ಬಂದ ಮೇಲೆ ಅವರು ವಿಶ್ವವಿದ್ಯಾಲಯದ ಪಠ್ಯಕ್ರಮ ಸಮಿತಿಯ ಸದಸ್ಯೆಯಾದರು. ನಾನೂ ಅದೇ ಕಾಲೇಜಿನಲ್ಲಿ ಸಹೋದ್ಯೋಗಿಯಾದೆ. ಕಥನ ಪ್ರಕಾರಗಳ ಪಠ್ಯದಲ್ಲಿ ಕಾಮಿಕ್ಸಿಗೆ ಒಂದು ಘಟಕ ಇರಲಿ ಎಂಬ ಅವರ ಪ್ರಸ್ತಾವ ಸಭೆಗೆ ಬಂದಾಗಲೆಲ್ಲ ಬಿದ್ದುಹೋಗುತ್ತಿತ್ತು. ಸಮಿತಿಯ ಅಧ್ಯಕ್ಷರು ಪ್ರೊ. ಉಚ್ಚಂಗೆಪ್ಪನವರು, ಬಯಲಾಟದ ಮೇಲೆ ಜೀವಮಾನದ ಕೆಲಸ ಮಾಡಿದ ವಿದ್ವಾಂಸರು, ಸಜ್ಜನರು. ಮೊದಲ ಸಲವೇ ಅವರು ನಗುತ್ತ, “ಪ್ಯಾಂಟಿನ ಮ್ಯಾಲೆ ಚಡ್ಡಿ ಹಾಕ್ಕೊಂಡು ಹಾರಾಡೋನ ಕಥಿ ಹೇಳಾಕ ಸರ್ಕಾರ ನಮಗ ಪಗಾರ ಕೊಡ್ತೈತೇನ್ರಿ ಮೇಡಂ?” ಎಂದರು. ಸಭೆಯೆಲ್ಲ ನಕ್ಕಿತು. ಆ ಮಾತು ಜಿಲ್ಲೆಯ ಎಲ್ಲ ಕನ್ನಡ ವಿಭಾಗಗಳಿಗೂ ಹಬ್ಬಿತು. ಮೇಡಂ ನಗಲಿಲ್ಲ, ಮುನಿಯಲೂ ಇಲ್ಲ. ಮುಂದಿನ ಸಭೆಗೆ ಅದೇ ಪ್ರಸ್ತಾವವನ್ನು ಮತ್ತೆ ತಂದರು.

ಅಲ್ಲಿಯವರೆಗೆ ಇದು ಒಬ್ಬ ಅಧ್ಯಾಪಕಿಯ ಹಟ ಮಾತ್ರವಾಗಿತ್ತು. ಜಡೆಮ್ಮ ಬಂದ ಮೇಲೆ ಅದು ಇನ್ನೊಬ್ಬಳ ಬದುಕಿನ ಪ್ರಶ್ನೆಯಾಯಿತು. ಕುರುಗೋಡಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಚಿನ್ನಪ್ಪನವರ ಮಗಳು ಜಡೆಮ್ಮ ಎಂ.ಎ.ಯಲ್ಲಿ ಮೇಡಂ ಅವರ ಅತ್ಯುತ್ತಮ ವಿದ್ಯಾರ್ಥಿನಿ. ಹಳಗನ್ನಡ, ಜಾನಪದ, ಯಾವ ವಿಷಯ ಹಿಡಿದಿದ್ದರೂ ಪಿಎಚ್.ಡಿ. ಬೇಗ ಮುಗಿಯುತ್ತಿತ್ತು, ಕೆಲಸವೂ ಸಿಗುತ್ತಿತ್ತು. ಅವಳು ಹಿಡಿದದ್ದು ಸೂಪರ್‌ಹೀರೋ ಕಾಮಿಕ್ಸ್. ಮಾರ್ಗದರ್ಶಕರು ಶ್ರೀಪ್ರಿಯಾ ಅವರೇ. ಪ್ರಬಂಧ ಮೌಲ್ಯಮಾಪನಕ್ಕೆ ಹೋಯಿತು, ತಿರುಗಿ ಬಂತು. ತಿದ್ದಿ ಕಳಿಸಿದರು, ಮತ್ತೆ ತಿರುಗಿ ಬಂತು. ಜೊತೆಯವರು ಒಬ್ಬೊಬ್ಬರಾಗಿ ಕೆಲಸ ಸೇರಿದರು. ಜಡೆಮ್ಮ ಬೆಳಿಗ್ಗೆ ಗಿರಣಿಯಲ್ಲಿ ಅಪ್ಪನಿಗೆ ಕೈಜೋಡಿಸಿ, ಮಧ್ಯಾಹ್ನ ಬಸ್ಸು ಹಿಡಿದು ಬಳ್ಳಾರಿಯ ಗ್ರಂಥಾಲಯಕ್ಕೆ ಬರುತ್ತಿದ್ದಳು. ಎಷ್ಟೋ ಸಲ ಅವಳ ತಲೆಗೂದಲಿನಲ್ಲಿ ಹಿಟ್ಟು ಹಾಗೇ ಇರುತ್ತಿತ್ತು.

ಒಂದು ಭಾನುವಾರ ಚಿನ್ನಪ್ಪನವರು ಪಾರ್ವತಿನಗರಕ್ಕೆ ಬಂದರು. ನಾನು ಅಲ್ಲಿದ್ದೆ. ಕುರ್ಚಿಯ ತುದಿಯಲ್ಲಿ ಕುಳಿತು, ಕೊಟ್ಟ ಕಾಫಿಯನ್ನು ಮುಟ್ಟದೆ ಕೇಳಿದರು:

“ಮೇಡಂ, ನಮ್ಮ ಹುಡುಗಿ ಏನು ಓದಾಕತ್ಯಾಳ್ರಿ? ಗಿರಣಿಗಿ ಬಂದೋರು ಕೇಳ್ತಾರ. ಹುಡುಗ್ರು ಓದೋ ಚಿತ್ರದ ಪುಸ್ತಕ ಅಂತ ಹೇಳಿದ್ರ ನಗ್ತಾರ. ನಾ ಏನಂತ ಹೇಳ್ಲಿ?”

ಎಂಥ ಸಭೆಯಲ್ಲೂ ಉತ್ತರಕ್ಕೆ ತಡವರಿಸದ ಮೇಡಂ ಅಂದು, “ನನಗೊಂದಿಷ್ಟು ಟೈಮ್ ಕೊಡ್ರಿ, ಚಿನ್ನಪ್ಪನವರೆ,” ಎಂದಷ್ಟೇ ಹೇಳಿದರು. ಅವರು ಹೋದ ಮೇಲೆ ಬಾಗಿಲು ಹಾಕಿ ಬಂದು, “ನನ್ನ ವಾದ ಗೆಲ್ಲಲಿಕ್ಕೆ ಅವರ ಮಗಳನ್ನ ಮುಂದ ನಿಲ್ಲಿಸೀನೇನು, ಯರ್ರಿಸ್ವಾಮಿ?” ಎಂದು ಕೇಳಿದರು.

ಮರುದಿನ ವಿಭಾಗದಲ್ಲಿ ಅವರು ಜಡೆಮ್ಮನನ್ನು ಕೂರಿಸಿಕೊಂಡು, ತಾವು ಎಂದೂ ಮಾಡದಿದ್ದ ರಾಜಿಯ ಮಾತಾಡಿದರು. “ಬಯಲಾಟದ ವೀರರು ಅಂತ ಹೆಸರು ಬದಲು ಮಾಡು. ಕಾಮಿಕ್ಸ್ ಒಂದು ಅಧ್ಯಾಯ ಇರಲಿ. ಉಚ್ಚಂಗೆಪ್ಪನವರು ಒಪ್ಪತಾರ. ಮುಂದಿನ ವರ್ಷ ನೀನೂ ಕೆಲಸಕ್ಕ ಸೇರತಿ.”

ಜಡೆಮ್ಮ ತಲೆ ತಗ್ಗಿಸಿಕೊಂಡೇ ಹೇಳಿದಳು: “ನೀವು ಹೇಳಿದ್ರಂತ ನಾ ಇದನ್ನ ಹಿಡದಿಲ್ರಿ ಮೇಡಂ. ನನಗ ಇದು ಸೇರತೈತಿ, ಅದಕ್ಕ ಹಿಡದೀನಿ. ನಿಮಗ ಸಾಕಾಗಿದ್ರ ನೀವು ಕುಂದರ್ರಿ. ನಾ ಮಾಡ್ತೀನಿ.”

ಅದು ಉದ್ಧಟತನವಾಗಿರಲಿಲ್ಲ. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು, “ಹಂಗಾದ್ರ ಮೂರನೇ ಅಧ್ಯಾಯ ತಗೀ,” ಎಂದರು.

ಎರಡು ವರ್ಷಗಳ ನಂತರ ಮೌಖಿಕ ಪರೀಕ್ಷೆ ನಡೆಯಿತು. ಹೊರಗಿನ ಪರೀಕ್ಷಕರು ಮೊದಲಿನಿಂದಲೂ ಮುಖ ಸಿಂಡರಿಸಿಕೊಂಡಿದ್ದರು. ಸ್ಥಳೀಯ ತಜ್ಞರಾಗಿ ಉಚ್ಚಂಗೆಪ್ಪನವರು ಕೂತಿದ್ದರು. ಜಡೆಮ್ಮ ಒಂದು ಪುಟವನ್ನು ದೊಡ್ಡದು ಮಾಡಿಸಿ ತಂದು ಗೋಡೆಗೆ ಹಚ್ಚಿದಳು. ಅದರಲ್ಲಿ ಐದು ಚೌಕಗಳು, ಒಂದಕ್ಷರವೂ ಇಲ್ಲ. ಕಾದಾಟ ಮುಗಿಸಿದ ವೀರ ಹಿಂಬಾಗಿಲಿನಿಂದ ತನ್ನ ಕೋಣೆಗೆ ಬರುತ್ತಾನೆ. ಮುಖವಾಡದ ಗಂಟು ಬಿಚ್ಚಲು ಕೈ ಮೇಲೇಳುತ್ತಿಲ್ಲ. ನೆಲದ ಮೇಲೆ ಒಂದು ತಾಟು, ಅದರ ಮೇಲೆ ಇನ್ನೊಂದು ತಾಟು ಮುಚ್ಚಿದೆ. ಮುಖವಾಡದಲ್ಲೇ ಕುಳಿತು ಉಣ್ಣುತ್ತಾನೆ. ಕೊನೆಯ ಚೌಕದಲ್ಲಿ ಬೆಳಗಾಗಿದೆ, ತೊಳೆದ ತಾಟುಗಳು ಗೋಡೆಗೆ ಆತು ನಿಂತಿವೆ, ಅವನಿಲ್ಲ.

“ಇದರಲ್ಲಿ ಸಾಹಿತ್ಯ ಎಲ್ಲಿದೆಯಮ್ಮ? ಒಂದು ಮಾತೂ ಇಲ್ಲವಲ್ಲ,” ಎಂದರು ಪರೀಕ್ಷಕರು.

ಜಡೆಮ್ಮ ವೀರನ ಹಿನ್ನೆಲೆ ಹೇಳಿ, ಚೌಕಗಳ ಗಾತ್ರ, ನೆರಳು, ನಡುವೆ ಕಳೆದ ಹೊತ್ತು ಎಂದು ಶಾಸ್ತ್ರೋಕ್ತವಾಗಿ ವಿವರಿಸತೊಡಗಿದಳು. ಪರೀಕ್ಷಕರು ಕೈಗಡಿಯಾರ ನೋಡಿಕೊಂಡರು. ಆಗ ಉಚ್ಚಂಗೆಪ್ಪನವರು ಅವಳ ಮಾತನ್ನು ಅರ್ಧಕ್ಕೆ ತಡೆದು ಕೇಳಿದರು:

“ಒಂದು ನಿಮಿಷ ತಡಿಯವ್ವ. ಈ ಮನಿಯಾಗ ಇವ ಒಬ್ಬನ ಅದಾನ ಅಂತಂದಿ. ತಾಯಿ ಸತ್ತಾಳ ಅಂದಿ. ಮತ್ತ ಆ ತಾಟು ಮುಚ್ಚಿಟ್ಟೋರು ಯಾರು?”

“ಅದನ್ನ ಹೇಳಿಲ್ರಿ ಸರ್. ಮುಂದಿನ ಸಂಚಿಕಿ ಒಳಗೂ ಹೇಳಿಲ್ಲ.”

“ಹಂಗಂದ್ರ ಇವನ ಗುಟ್ಟು ಯಾರಿಗೋ ಗೊತ್ತೈತಿ.”

“ಇರಬೇಕ್ರಿ.”

“ಗೊತ್ತಿದ್ದೂ ಬಾಯಿ ಬಿಟ್ಟಿಲ್ಲ. ಉಣ್ಣಾಕ ಇಟ್ಟು ಹೋಗ್ಯಾರ.” ಅವರು ಎದ್ದು ಗೋಡೆಯ ಹತ್ತಿರ ಹೋದರು. ಚಿತ್ರವನ್ನು ಬಹಳ ಹೊತ್ತು ನೋಡಿದರು. “ಇದರ ಹಿಂದಿನ ಪುಟ ಐತೇನು?” ಎಂದು ಕೈ ಚಾಚಿದರು.

ಪದವಿ ಬಂತು. ಆದರೆ ಶೀರ್ಷಿಕೆಯಲ್ಲಿನ ‘ಕಾಮಿಕ್ಸ್’ ಎಂಬ ಪದ ತೆಗೆದು ‘ಚಿತ್ರಕಥನ’ ಎಂದು ಹಾಕಬೇಕೆಂಬ ಷರತ್ತಿನೊಂದಿಗೆ ಬಂತು. ಒಂದು ಅಧ್ಯಾಯವನ್ನೂ ಕೈಬಿಡಬೇಕಾಯಿತು. ಪಠ್ಯಕ್ರಮದಲ್ಲಿ ಆ ಘಟಕ ಇಂದಿಗೂ ಸೇರಿಲ್ಲ. ಜಡೆಮ್ಮ ಈಗ ಸಿರುಗುಪ್ಪದಲ್ಲಿ ಅತಿಥಿ ಉಪನ್ಯಾಸಕಿ. ಕಾಯಂ ಹುದ್ದೆ ಇನ್ನೂ ದೂರ. ಚಿನ್ನಪ್ಪನವರು ಗಿರಣಿಗೆ ಬಂದವರಿಗೆ, “ಚಿತ್ರದ ಕಥಿ ಮ್ಯಾಲೆ ಡಾಕ್ಟ್ರಾಗ್ಯಾಳ,” ಎಂದು ಹೇಳುತ್ತಾರಂತೆ. ಈಗಲೂ ಕೆಲವರು ನಗುತ್ತಾರಂತೆ. ಅಂದು ಮೌಖಿಕ ಪರೀಕ್ಷೆ ಮುಗಿದ ಮೇಲೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಮೇಡಂ ಅವರನ್ನು ನಾನು ಅಭಿನಂದಿಸಲು ಹೋದೆ. “ಗೆದ್ದೆವು ಅನ್ನಬ್ಯಾಡ,” ಎಂದರು. “ಒಂದು ಪುಟ ಓದಿಸಲಿಕ್ಕೆ ಆ ಹುಡುಗಿ ವಯಸ್ಸು ಎಷ್ಟು ಹೋತು ನೋಡು.” ಎದ್ದು ಚೀಲ ಹೆಗಲಿಗೇರಿಸಿಕೊಳ್ಳುತ್ತ, “ಆದರ ಉಚ್ಚಂಗೆಪ್ಪನವರು ಓದಿದರು,” ಎಂದರು. ಅಷ್ಟು ದಣಿದ ಮುಖವನ್ನು ನಾನು ಅವರಲ್ಲಿ ಹಿಂದೆ ಕಂಡಿರಲಿಲ್ಲ.

ಕಳೆದ ತಿಂಗಳು ಅವರು ನಿವೃತ್ತರಾದಾಗ ಕಾಲೇಜಿನಲ್ಲಿ ನಡೆದ ಬೀಳ್ಕೊಡುಗೆಯಲ್ಲಿ ಮಾತಾಡಿದವರೆಲ್ಲ ಹಳಗನ್ನಡವನ್ನೇ ಹೊಗಳಿದರು. ಕಾಮಿಕ್ಸಿನ ವಿಷಯ ತೆಗೆದರೆ ಅವರಿಗೆ ಮುಜುಗರವಾದೀತೆಂಬ ದಾಕ್ಷಿಣ್ಯ ಎಲ್ಲರಿಗೂ. ಶಾಲು ಹೊದ್ದು ಎದ್ದ ಮೇಡಂ ಹೆಚ್ಚು ಮಾತಾಡಲಿಲ್ಲ. “ಹಳಗನ್ನಡ ನನಗ ಮನಿಯೊಳಗ ಸಿಕ್ಕಿತು. ಇನ್ನೊಂದನ್ನ ನಾನು ಹುಡುಕಿಕೊಂಡು ಹೋದೆ. ಅದರ ಬಗ್ಗೆ ನೀವು ಯಾರೂ ಹೇಳಲಿಲ್ಲ. ಹೇಳೋ ಹಕ್ಕು ಈಗ ನನಗಿಂತ ಜಡೆಮ್ಮಗ ಜಾಸ್ತಿ. ಬಾರವ್ವ,” ಎಂದು ಮೈಕನ್ನು ಅವಳಿಗೆ ಕೊಟ್ಟು ಕುಳಿತರು. ಊಟದ ಹೊತ್ತಾಗಿತ್ತು, ಕೆಲವರು ಎದ್ದು ಹೋದರು. ಉಳಿದವರ ಮುಂದೆ ಜಡೆಮ್ಮ ಮಾತಾಡಿದಳು. ಮೇಡಂ ಕಣ್ಣು ಮುಚ್ಚಿಕೊಂಡು ಕೇಳಿದರು.

ಅವರ ವಾದ ನನಗೆ ಪೂರ್ತಿ ಒಪ್ಪಿಗೆಯಾಗಿದೆ ಎಂದರೆ ಸುಳ್ಳಾಗುತ್ತದೆ. ಬದಲಾಗದ ವೀರನ ಕಥೆ ಎಷ್ಟು ದೂರ ಹೋದೀತು ಎಂಬ ಅನುಮಾನ ನನ್ನಲ್ಲಿ ಉಳಿದಿದೆ. ಈ ಪ್ರಕಾರದ ಮೇಲೆ ಪುಸ್ತಕ ಬರೆಯಬೇಕೆಂದು ಅವರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ, ಬರೆಯಲು ಬಿಡುವಿರಲಿಲ್ಲ. ಮೊದಲು ಅವರಿಗೆ, ಬಸ್ಸು ಹಿಡಿಯಬೇಕಿಲ್ಲದ, ಉತ್ತರಪತ್ರಿಕೆಗಳ ಕಟ್ಟು ಕಾಯದ ಒಂದಿಷ್ಟು ಬೆಳಗುಗಳು ಸಿಗಲಿ. ಕಣ್ತುಂಬ ನಿದ್ದೆ ಬರಲಿ. ಆಮೇಲೆ ಆ ಪುಸ್ತಕ ಬರಲಿ. ಅದರ ಅಂಚಿನಲ್ಲೆಲ್ಲ ನನ್ನ ತಕರಾರುಗಳನ್ನು ಗೀಚಿ ಪಾರ್ವತಿನಗರಕ್ಕೆ ಒಯ್ಯುತ್ತೇನೆ. ಒಂದೊಂದಕ್ಕೂ ಉತ್ತರ ಕೊಟ್ಟು ನನ್ನನ್ನು ಸುಮ್ಮನಾಗಿಸುವಷ್ಟು ಆಯುಸ್ಸು, ಆರೋಗ್ಯ ಮತ್ತು ಸಿಟ್ಟು ನಮ್ಮ ಮೇಡಂ ಅವರಿಗೆ ಇರಲಿ.