ಮಗ್ಗದ ಶೆಡ್ಡಿನ ಕೈಮಾತು

ಮಗ್ಗದ ಶೆಡ್ಡಿನಲ್ಲಿ ಬಾಯಿ ಉಪಯೋಗಕ್ಕೆ ಬರುವುದಿಲ್ಲ. ಯಂತ್ರಗಳ ಗದ್ದಲದಲ್ಲಿ ಪಕ್ಕದವರ ಕೆಮ್ಮು ಕೂಡ ಕೇಳದು. ಅದಕ್ಕೇ ಅಲ್ಲಿಯ ಹೆಂಗಸರು ಕೈಯಲ್ಲೇ ಮಾತಾಡುತ್ತಾರೆ. ಇಲ್ಲದ ಮೀಸೆ ತಿರುವಿದರೆ ಮೇಸ್ತ್ರಿ ಬಂದನೆಂದು ಅರ್ಥ. ಬೆರಳು ಮಡಚಿ ಗಲ್ಲಕ್ಕೆ ತಾಗಿಸಿದರೆ ಅತ್ತೆಯ ಸುದ್ದಿ ಶುರು. ಕಿಟಕಿ ಪಕ್ಕದ ಮಗ್ಗದವಳು ಈ ಮಾತಿನಲ್ಲಿ ಎಷ್ಟು ಚುರುಕೆಂದರೆ, ಅವಳಿಗೆ ರೇಡಿಯೊ ಎಂದೇ ಹೆಸರು ಬಿದ್ದಿತ್ತು.

ಅವಳ ಬಲಗೈ ತೋರುಬೆರಳು ಒಂದು ದಿನ ಮಗ್ಗದ ಬೆಲ್ಟಿಗೆ ಸಿಕ್ಕಿತು. ಮೂಳೆ ಕೂಡಿಕೊಂಡಿತು, ಬೆರಳು ಮಾತ್ರ ಮಡಚಲು ಬರಲಿಲ್ಲ. ಕೆಲಸಕ್ಕೆ ಆಗದು ಎಂದು ಡಾಕ್ಟರು ಬರೆದುಕೊಡುವಷ್ಟು ಕಾಲವೂ ಕೂಲಿಯ ಬಹುಪಾಲು ವಿಮೆ ಕಚೇರಿಯಿಂದ ಬರುತ್ತದೆ. ವಾಸಿಯಾಯಿತೆಂದು ಬರೆದ ದಿನ ಅದು ನಿಂತು, ಮಗ್ಗ ಮತ್ತೆ ಅವಳದಾಗುತ್ತದೆ. ಹಾಗಾಗಿ ಮನೆಯಲ್ಲಿ ಯಾವುದಕ್ಕೂ ತೊಂದರೆಯಾಗಲಿಲ್ಲ. ಕೂತಲ್ಲಿಗೇ ಸಂಬಳ ಬರುವ ಯೋಗ ನನಗೆ ಯಾವಾಗಲೋ ಎಂದು ನಾದಿನಿ ಆಗಾಗ ಚುಚ್ಚುತ್ತಿದ್ದಳು, ಅಷ್ಟೇ.

ಅವಳಿಗೆ ಕಷ್ಟವಾಗಿದ್ದು ನಿಶ್ಶಬ್ದ. ಮನೆಯಲ್ಲಿ ಗಡಿಯಾರ ಕೇಳುತ್ತಿತ್ತು, ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಉಪ್ಪಿನ ಡಬ್ಬಿ ಕೊಡೆಂದು ಮಗಳಿಗೆ ಸನ್ನೆ ಮಾಡಿ, ಅವಳು ಪಿಳಿಪಿಳಿ ನೋಡಿದಾಗ ತಾನೇ ಎದ್ದು ಹೋಗುತ್ತಿದ್ದಳು. ಸಾಮಾನು ತರುವ ನೆಪದಲ್ಲಿ ಹಿಂದಿನ ಬೀದಿಯ ಅಚ್ಚುಕೂಟದ ಮುಂದೆ ನಿಂತು, ಅಲ್ಲಿಯ ಯಂತ್ರದ ಸದ್ದಿನಲ್ಲಿ ಸ್ವಲ್ಪ ಹೊತ್ತು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದಳು.

ಕೊನೆಗೆ ಒಂದು ಉಪಾಯ ಮಾಡಿದಳು. ಮುಂದಿನ ತಪಾಸಣೆಯಲ್ಲಿ ಮುಷ್ಟಿ ಕಟ್ಟೆಂದಾಗ, ಸೆಟೆದ ಬೆರಳನ್ನು ಹೆಬ್ಬೆರಳಿನಿಂದ ಒತ್ತಿ ಅಡಗಿಸುವುದು. ಕನ್ನಡಿಯ ಮುಂದೆ ಹಲ್ಲು ಕಚ್ಚಿಕೊಂಡು ಅಭ್ಯಾಸ ಮಾಡಿದಳು. ಸಾಕಷ್ಟು ಚೆನ್ನಾಗಿಯೇ ಬಂತು.

ತಪಾಸಣೆಯ ಹಿಂದಿನ ದಿನ ತಡೆಯಲಾಗದೆ ಶೆಡ್ಡಿಗೆ ಹೋದಳು. ಮೇಸ್ತ್ರಿ ಬಾಗಿಲಲ್ಲಿ ನಿಲ್ಲಲು ಬಿಟ್ಟ. ಎಣ್ಣೆಯ ವಾಸನೆಯ ಬಿಸಿಗಾಳಿ ಮುಖಕ್ಕೆ ಬಡಿದಾಗ ಅವಳ ಕಣ್ಣು ತುಂಬಿತು. ಅವಳ ಮಗ್ಗದ ಮುಂದೆ ಯಾರೋ ಬದಲಿಯವಳಿದ್ದಳು. ಎದುರು ಮಗ್ಗದ ಗೆಳತಿ ಇವಳನ್ನು ಕಂಡವಳೇ ಕೈಯೆತ್ತಿ ಕೇಳಿದಳು, ಯಾವಾಗ ಬರ್ತೀಯ ಎಂದು.

ನಾಡಿದ್ದು ಎನ್ನಲು ತೋರುಬೆರಳನ್ನು ಕೊಕ್ಕೆಯಂತೆ ಮಡಚಿ ಎಳೆಯಬೇಕು. ರೇಡಿಯೊ ಉತ್ಸಾಹದಲ್ಲಿ ಬಲಗೈಯನ್ನೇ ಎತ್ತಿದಳು. ಬೆರಳು ಗೋಡೆಗೆ ಹೊಡೆದ ಮೊಳೆಯಂತೆ ನೆಟ್ಟಗೆ ನಿಂತಿತು.

ಊಟದ ಹೊತ್ತಿಗೆ ಮುಂಚೆ ಎಂದೂ ಮಗ್ಗ ನಿಲ್ಲಿಸದ ಗೆಳತಿ, ಅದನ್ನು ನಿಲ್ಲಿಸಿ ಹೊರಗೆ ಬಂದಳು. ಕೇಳಿ ಕೇಳಿ ಉಪಾಯವನ್ನೆಲ್ಲ ಅವಳ ಬಾಯಿಂದ ಹೊರಡಿಸಿದಳು.

"ಡಾಕ್ಟರಿಗೆ ಟೋಪಿ ಹಾಕ್ತೀಯ, ಸರಿ. ಬೆಲ್ಟಿಗೆ ಏನು ಹಾಕ್ತೀಯ?" ಎಂದಳು ಗೆಳತಿ. "ಎಳೆ ಹರಿದಾಗ ಕಟ್ಟೋಕೆ ಒಳಗೆ ಹಾಕಿದ ಆ ಕೈ ಹಿಂದಕ್ಕೆ ಬರೋಷ್ಟರಲ್ಲಿ ಏನಾಗುತ್ತೆ ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತು ಕಣೆ. ಮನೇಲಿ ಇರೋಕಾಗ್ತಿಲ್ಲ. ಅಲ್ಲಿ ಎಲ್ಲಾ ಕೇಳ್ಸುತ್ತೆ."

ಗೆಳತಿ ಅವಳ ಬೆರಳನ್ನು ಹಿಡಿದು ಸವರಿದಳು. "ನಿನ್ನ ಜಾಗದಲ್ಲಿ ಬಂದಿದಾಳಲ್ಲ ಮಹಾತಾಯಿ, ಕೈಯಲ್ಲಿ ಒಂದು ಮಾತಾಡಲ್ಲ. ನನಗೇನು ಸುಖವಾಗಿದೆ ಅಂದ್ಕೊಂಡ್ಯಾ? ಪೂರಾ ಕೈ ತಗೊಂಡು ಬಾ."

ಮರುದಿನ ಡಾಕ್ಟರು ಮುಷ್ಟಿ ಕಟ್ಟಲು ಹೇಳಿದಾಗ ಅವಳು ಹೆಬ್ಬೆರಳನ್ನು ದೂರವಿಟ್ಟಳು. ಸೆಟೆದ ಬೆರಳು ಎಲ್ಲರಿಗೂ ಕಾಣುವಂತೆ ನಿಂತಿತು. ಅವರು ವಿಶ್ರಾಂತಿಯನ್ನು ಮುಂದುವರಿಸಿ, ಬೆರಳಿಗೆ ವ್ಯಾಯಾಮ ಹೇಳಿಕೊಟ್ಟು ಕಳಿಸಿದರು.

ಸಂಜೆ ಕೆಲಸ ಬಿಡುವ ಹೊತ್ತಿಗೆ ರೇಡಿಯೊ ಶೆಡ್ಡಿನವರ ಬಸ್ಸು ಹೋಗುವ ದಾರಿಯಲ್ಲಿ ನಿಂತಿದ್ದಳು. ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತು. ಕಿಟಕಿಯಲ್ಲಿ ಗೆಳತಿ ಕಂಡಳು. ಕಂಡವಳೇ ಬೆರಳು ಮಡಚಿ ಗಲ್ಲಕ್ಕೆ ತಾಗಿಸಿದಳು. ಗೆಳತಿಯ ಕೈ ಹೇಳತೊಡಗಿತು: ಅತ್ತೆ ಏನೋ ಒಡೆದಿದ್ದಾಳೆ, ಅದನ್ನು ಅಡಗಿಸಿಟ್ಟಿದ್ದಾಳೆ, ಅಷ್ಟರಲ್ಲಿ ಮಾವ ಬಂದಿದ್ದಾನೆ. ಅಲ್ಲಿಗೆ ಬಸ್ಸು ಹೊರಟೇಬಿಟ್ಟಿತು.

ಮಾವ ಬಂದು ಏನೆಂದನೋ. ಅವಳು ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತ, ಸೀರೆಯ ಸೆರಗಿನೊಳಗೆ ಆ ಬೆರಳನ್ನು ಎಡಗೈಯಿಂದ ಮೆಲ್ಲಗೆ ಮಡಚುತ್ತ ನಿಂತಿದ್ದಳು.